ಗೋಡೆಯ ಮೇಲಿನ ಕರೆ: ಚಲನಚಿತ್ರ ಪೋಸ್ಟರಿನ ಇತಿಹಾಸ ಮತ್ತು ನಮ್ಮ ತರಗತಿ



ಪಠ್ಯಪುಸ್ತಕ ತೆರೆಯುವ ಮೊದಲೇ ನಮ್ಮ ಮಕ್ಕಳು ದಿನವೂ ಓದುವ ಒಂದು ಬರಹವಿದೆ. ಅದು ಬೀದಿಯ ಗೋಡೆಯ ಮೇಲಿದೆ, ಬಸ್ ನಿಲ್ದಾಣದಲ್ಲಿದೆ, ಮೊಬೈಲಿನ ಪರದೆಯ ಮೇಲೂ ಇದೆ. ಅದೇ ಚಲನಚಿತ್ರದ ಪೋಸ್ಟರ್. ಸಿನಿಮಾ ನೋಡುವ ಪದ್ಧತಿಯೇ ಇಲ್ಲದ ಮನೆಯ ಮಗುವೂ ಪೋಸ್ಟರನ್ನು ನೋಡಿಯೇ ಇರುತ್ತದೆ. ಆದರೆ ಅದನ್ನು ಓದುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಶಾಲೆಯ ಮಾಧ್ಯಮ ಅಧ್ಯಯನದಲ್ಲಿ ಮಕ್ಕಳಿಂದ ಪೋಸ್ಟರ್ ಮಾಡಿಸುತ್ತೇವೆ, ಅದಕ್ಕೆ ಅಂಕ ಕೊಡುತ್ತೇವೆ ಎಂದರೆ "ಸಿನಿಮಾ ಶಾಲೆಯೊಳಗೂ ಬರಬೇಕೇ?" ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಪೋಸ್ಟರಿನ ಇತಿಹಾಸದಲ್ಲಿಯೇ ಇದೆ.

ಕಲ್ಲಿನಿಂದ ಗೋಡೆಗೆ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚನ್ನು ಕಂಡುಹಿಡಿದನು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಶಾಯಿ ಉರುಳಿಸಿದರೆ ಬರೆದ ಭಾಗಕ್ಕೆ ಮಾತ್ರ ಶಾಯಿ ಹಿಡಿಯುತ್ತದೆ. ಉರ್ದು ಓದುವವರಿಗೆ ಈ ಕಲ್ಲಚ್ಚು ಅಪರಿಚಿತವಲ್ಲ. ನಸ್ತಾಲೀಖ್ ಬರಹವನ್ನು ಅಚ್ಚಿನ ಮೊಳೆಗಳಲ್ಲಿ ಜೋಡಿಸುವುದು ಕಷ್ಟವಾದ್ದರಿಂದ ಕಾತಿಬರು ಕೈಯಿಂದ ಬರೆದುದನ್ನೇ ಕಲ್ಲಿನ ಮೂಲಕ ಅಚ್ಚು ಹಾಕಲಾಗುತ್ತಿತ್ತು. ನಮ್ಮ ಹಿರಿಯರ ಎಷ್ಟೋ ಕಿತಾಬುಗಳು ಹೀಗೆಯೇ ಬಂದವು.

ಇದೇ ವಿಧಾನದಲ್ಲಿ ಬಣ್ಣಕ್ಕೊಂದು ಕಲ್ಲು ಬಳಸಿ ಪ್ಯಾರಿಸ್ಸಿನ ಜೂಲ್ಸ್ ಶೆರೆ ದೊಡ್ಡ ಭಿತ್ತಿಪತ್ರಗಳನ್ನು ತಯಾರಿಸಿದನು. 1896ರಲ್ಲಿ ಲೂಮಿಯೇರ್ ಸಹೋದರರ ಚಿತ್ರಕ್ಕಾಗಿ ಮಾರ್ಸೆಲಿನ್ ಓಜೋಲ್ ಬರೆದ ಪೋಸ್ಟರ್ ಗಮನಾರ್ಹವಾದುದು. ತೋಟಗಾರನೊಬ್ಬನ ಮುಖಕ್ಕೆ ಕೊಳವೆಯ ನೀರು ಚಿಮ್ಮುವ ದೃಶ್ಯ ಪರದೆಯ ಮೇಲಿದೆ. ಅದರ ಮುಂದೆ ಪ್ರೇಕ್ಷಕರು ನಗುತ್ತಾ ಕುಳಿತಿದ್ದಾರೆ. ಕಲಾವಿದ ಚಿತ್ರದ ಕಥೆಯೊಂದಿಗೆ ನೋಡುವವರ ನಗುವನ್ನೂ ತೋರಿಸಿದ್ದಾನೆ. "ಬನ್ನಿ, ನೀವೂ ಹೀಗೆ ನಗುವಿರಿ" ಎಂಬುದು ಅದರ ಕರೆ. ಪೋಸ್ಟರ್ ಎಂದರೆ ಇಷ್ಟೇ: ಯಾರನ್ನೋ ಕರೆಯುವುದು, ಏನನ್ನೋ ಕೊಡುತ್ತೇನೆಂದು ಭರವಸೆ ನೀಡುವುದು.

ಕೊಲ್ಲಾಪುರದ ಕಲಾವಿದರು

ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ 1896ರ ಜುಲೈ 7ರಂದು ಲೂಮಿಯೇರ್ ಚಿತ್ರಗಳ ಪ್ರದರ್ಶನ ನಡೆಯಿತು. 1913ರ ಮೇ 3ರಂದು ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡಿತು. ಆಗಿನ ಪ್ರಚಾರ ಬಹುಮಟ್ಟಿಗೆ ಅಕ್ಷರಗಳಲ್ಲೇ ಇತ್ತು. ಅದಕ್ಕೆ ಚಿತ್ರದ ಬಲ ತಂದವರಲ್ಲಿ ಕೊಲ್ಲಾಪುರದ ಬಾಬುರಾವ್ ಪೇಂಟರ್ ಮುಖ್ಯರು. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಅವರು ನಂತರ ಚಿತ್ರ ನಿರ್ಮಾಣಕ್ಕಿಳಿದರು. ಅವರ 'ಕಲ್ಯಾಣ್ ಖಜಿನಾ' (1924) ಚಿತ್ರದ ಪೋಸ್ಟರನ್ನು ಉಳಿದುಬಂದಿರುವ ಭಾರತೀಯ ಪೋಸ್ಟರುಗಳಲ್ಲಿ ಅತ್ಯಂತ ಹಳೆಯದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಬೆಳಗಾವಿಯ ಆಚೆಗಿನ ಈ ಊರಿಗೂ ಕನ್ನಡ ಚಿತ್ರರಂಗಕ್ಕೂ ನಂಟಿದೆ. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ.

1951ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 18ರಷ್ಟು ಮಾತ್ರ. ಹಾಗಾಗಿ ಅಕ್ಷರ ಬಾರದವನಿಗೂ ಚಿತ್ರವೇ ಕಥೆ ಹೇಳಬೇಕಿತ್ತು. ಟೆಂಟ್ ಸಿನಿಮಾದ ಕಾಲದಲ್ಲಿ ಗಾಡಿಗೆ ಪೋಸ್ಟರ್ ಕಟ್ಟಿಕೊಂಡು, ತಮಟೆ ಬಾರಿಸುತ್ತಾ, ಹ್ಯಾಂಡ್‌ಬಿಲ್ ಎಸೆಯುತ್ತಾ ಊರೂರು ಸುತ್ತುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಖ್ಯಾತ ಕಲಾವಿದ ಎಂ.ಎಫ್. ಹುಸೇನ್ ಅವರು ಕೂಡ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು.

ಮೂರು ಲಿಪಿಗಳ ಕಾಲ

1960ರಲ್ಲಿ ತೆರೆಕಂಡ ಕೆ. ಆಸಿಫ್ ಅವರ 'ಮುಘಲ್-ಎ-ಆಜಮ್' ಚಿತ್ರಕ್ಕೆ ಪೋಸ್ಟರ್ ಬರೆದವರು ಜಿ. ಕಾಂಬಳೆ. ಇವರೂ ಕೊಲ್ಲಾಪುರದವರೇ. ಆ ಕಾಲದ ಅನೇಕ ಹಿಂದಿ ಚಿತ್ರಗಳ ಪೋಸ್ಟರುಗಳಲ್ಲಿ ಹೆಸರು ನಾಗರಿ, ಉರ್ದು ಮತ್ತು ರೋಮನ್ ಲಿಪಿಗಳಲ್ಲಿರುತ್ತಿತ್ತು. ಮೂರು ಬಗೆಯ ಓದುಗರಿಗೆ ಒಂದೇ ಗೋಡೆಯಿಂದ ಕರೆ! ಮುಂದಿನ ದಶಕಗಳಲ್ಲಿ ಉರ್ದು ಸಾಲು ಕ್ರಮೇಣ ಮರೆಯಾಯಿತು. ಹಾಡಿನಲ್ಲಿ, ಸಂಭಾಷಣೆಯಲ್ಲಿ ಭಾಷೆ ಉಳಿಯಿತು, ಗೋಡೆಯಿಂದ ಲಿಪಿ ಇಳಿಯಿತು. 1990ರ ದಶಕದ ನಂತರ ಕಂಪ್ಯೂಟರ್ ಮತ್ತು ಫ್ಲೆಕ್ಸ್ ಬಂದವು. ಕುಂಚ ಹಿಡಿದ ಅನೇಕರ ಕೆಲಸವೂ ಹೋಯಿತು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪೋಸ್ಟರ್ ಯಾರನ್ನು ಕರೆಯುತ್ತದೆ ಎಂಬುದರಷ್ಟೇ, ಯಾರನ್ನು ಕರೆಯುವುದನ್ನು ಬಿಟ್ಟಿತು ಎಂಬುದೂ ದಾಖಲೆಯೇ.

ತರಗತಿಯೊಳಗೆ ಪೋಸ್ಟರ್

ಜಾಹೀರಾತನ್ನು ಶಾಲೆಯಲ್ಲಿ ಪರೀಕ್ಷಿಸಿ ನೋಡುವ ಅಭ್ಯಾಸವೂ ಹೊಸತಲ್ಲ. ಇಂಗ್ಲೆಂಡಿನ ಎಫ್.ಆರ್. ಲೀವಿಸ್ ಮತ್ತು ಡೆನಿಸ್ ಥಾಮ್ಸನ್ 1933ರಲ್ಲೇ ಜಾಹೀರಾತು ವಿಶ್ಲೇಷಣೆಯ ಅಭ್ಯಾಸಗಳುಳ್ಳ ಪುಸ್ತಕ ಬರೆದರು. ಮಕ್ಕಳನ್ನು ಜಾಹೀರಾತಿನಿಂದ ಕಾಪಾಡಬೇಕೆಂಬುದು ಅವರ ಆಶಯವಾಗಿತ್ತು. 1982ರಲ್ಲಿ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೋ ಆಶ್ರಯದಲ್ಲಿ ಹೊರಬಂದ ಘೋಷಣೆ ಬೇರೆ ದಾರಿ ಹಿಡಿಯಿತು. ಮಾಧ್ಯಮಗಳನ್ನು ಬೈಯುತ್ತಾ ಕೂರುವುದಕ್ಕಿಂತ ಅವನ್ನು ವಿಮರ್ಶೆಯಿಂದ ಅರಿಯಲು ಮಕ್ಕಳನ್ನು ಸಿದ್ಧಗೊಳಿಸಬೇಕು ಎಂಬುದು ಅದರ ಸಾರ. ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಸಹ ಕಲಾ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ವಿಷಯವಾಗಿ ಕಲಿಸಬೇಕೆಂದು ಹೇಳಿತು.

ಇದಕ್ಕೆ ಹೆಚ್ಚಿನ ಖರ್ಚು ಬೇಕಿಲ್ಲ. ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ಸಿಲ್ ಸಾಕು. ಸಿನಿಮಾ ತೋರಿಸುವ ಅಗತ್ಯವೂ ಇಲ್ಲ. ಮೊದಲು ಒಂದು ಹಳೆಯ ಪೋಸ್ಟರಿನ ಹೆಸರನ್ನು ಕಾಗದದಿಂದ ಮುಚ್ಚಿ ಮಕ್ಕಳ ಮುಂದಿಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ದೊಡ್ಡ ಮುಖ ಯಾರದು? ಹೆಣ್ಣನ್ನು ಎಲ್ಲಿ ನಿಲ್ಲಿಸಿದ್ದಾರೆ, ಏಕೆ? ಖಳನಿಗೆ ಯಾವ ಉಡುಪು ತೊಡಿಸಿದ್ದಾರೆ? ಯಾರನ್ನು ಕಂಡು ಹೆದರಬೇಕೆಂದು ಈ ಚಿತ್ರ ನಮಗೆ ಹೇಳುತ್ತಿದೆ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಕಲಿತ ಮಗು ಚುನಾವಣೆಯ ಫ್ಲೆಕ್ಸನ್ನೂ, ಮೊಬೈಲಿಗೆ ಬರುವ ಚಿತ್ರವನ್ನೂ ಸುಮ್ಮನೆ ನಂಬುವುದಿಲ್ಲ.

ಅನಂತರ ಪಠ್ಯದಲ್ಲಿನ ಒಂದು ಕಥೆಯನ್ನು ಸಿನಿಮಾ ಎಂದು ಭಾವಿಸಿ ಪೋಸ್ಟರ್ ಮಾಡಲು ಹೇಳಿ. "ಇದು ಯಾರಿಗಾಗಿ? ಅವರು ನೋಡಿ ಏನು ಅಂದುಕೊಳ್ಳಬೇಕು?" ಎಂದು ಮೊದಲೇ ಎರಡು ವಾಕ್ಯ ಬರೆಸಿಕೊಳ್ಳಿ. ಮೂರು ನಾಲ್ಕು ಸಣ್ಣ ಕಚ್ಚಾ ಚಿತ್ರ ಬರೆದು ಒಂದನ್ನು ಆರಿಸಲಿ. ಹೆಸರು ಕನ್ನಡ ಮತ್ತು ಉರ್ದು ಎರಡರಲ್ಲೂ ಇರಲಿ. ಇಲ್ಲೊಂದು ಸ್ವಾರಸ್ಯವಿದೆ. ಕನ್ನಡ ಓದುವ ಕಣ್ಣು ಎಡದಿಂದ ಹೊರಡುತ್ತದೆ, ಉರ್ದು ಓದುವ ಕಣ್ಣು ಬಲದಿಂದ. ಎರಡೂ ಕಣ್ಣುಗಳು ಒಂದೇ ಚಿತ್ರದ ಬಳಿ ಬಂದು ಸೇರುವಂತೆ ಅಕ್ಷರಗಳನ್ನು ಎಲ್ಲಿಡಬೇಕು? ಎರಡು ಲಿಪಿ ಬಲ್ಲ ನಮ್ಮ ಮಕ್ಕಳಿಗೆ ಇದು ಸಮಸ್ಯೆಯೂ ಹೌದು, ಸಂಪತ್ತೂ ಹೌದು.

ಅಂಕ ಕೊಡುವುದು ಹೇಗೆ?

"ಅಂದವಾಗಿದೆ" ಎಂಬುದು ಅಳತೆಯಾಗಬಾರದು. ಹಾಗಾದರೆ ಡ್ರಾಯಿಂಗ್ ಬಲ್ಲವರಿಗಷ್ಟೇ ಅಂಕ ಸಿಗುತ್ತದೆ. 20 ಅಂಕಗಳನ್ನು ಹೀಗೆ ಹಂಚಬಹುದು: ಕರೆಯ ಸ್ಪಷ್ಟತೆಗೆ 5, ಚಿತ್ರದ ಜೋಡಣೆಗೆ 5, ಅಕ್ಷರ ಮತ್ತು ಬಣ್ಣಕ್ಕೆ 5, ತನ್ನ ಆಯ್ಕೆಗೆ ವಿದ್ಯಾರ್ಥಿ ಬರೆದು ಕೊಡುವ ಕಾರಣಗಳಿಗೆ 5. ಪೋಸ್ಟರನ್ನು ವರಾಂಡದಲ್ಲಿ ತೂಗುಹಾಕಿ, ಬೇರೆ ತರಗತಿಯ ಮಕ್ಕಳಿಗೆ ಹತ್ತು ಹೆಜ್ಜೆ ದೂರದಿಂದ ಕ್ಷಣಕಾಲ ತೋರಿಸಿ, "ಇದು ಯಾವ ಬಗೆಯ ಕಥೆ? ಯಾರಿಗಾಗಿ?" ಎಂದು ಕೇಳಿ. ಅವರ ಉತ್ತರವನ್ನು ಮೊದಲೇ ಬರೆದಿಟ್ಟ ಎರಡು ವಾಕ್ಯಗಳೊಂದಿಗೆ ಹೋಲಿಸಿ. ಹೊಂದಿದರೆ ಕರೆ ತಲುಪಿದೆ. ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಮಗುವೇ ಕಂಡುಕೊಂಡು ತಿದ್ದಲಿ, ತಿದ್ದಿದ್ದಕ್ಕೂ ಅಂಕವಿರಲಿ.

ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಗಳ ವಾರ್ಷಿಕ ಪ್ರದರ್ಶನದಲ್ಲಿ ವಿಜ್ಞಾನದ ಮಾದರಿಗಳ ಪಕ್ಕದಲ್ಲಿ ಇಂತಹ ಎರಡು ಲಿಪಿಗಳ ಪೋಸ್ಟರುಗಳಿಗೂ ಒಂದು ಗೋಡೆ ಕೊಡಿ. ನಿಮ್ಮೂರಿನಲ್ಲಿ ಒಂದು ಕಾಲಕ್ಕೆ ಸಿನಿಮಾ ಬೋರ್ಡು ಬರೆಯುತ್ತಿದ್ದ ಹಿರಿಯ ಕಲಾವಿದರಿದ್ದರೆ ಅವರನ್ನೇ ತೀರ್ಪುಗಾರರಾಗಿ ಕರೆಯಿರಿ. ವಿದ್ಯಾರ್ಥಿಗಳೇ, ನಾಳೆ ಶಾಲೆಗೆ ಬರುವ ದಾರಿಯಲ್ಲಿ ಒಂದು ಪೋಸ್ಟರಿನ ಮುಂದೆ ನಿಲ್ಲಿರಿ. ಅದು ನಿಮ್ಮನ್ನು ಏನೆಂದು ತಿಳಿದು ಕರೆಯುತ್ತಿದೆ ಎಂದು ಕೇಳಿಕೊಳ್ಳಿರಿ. ಆಮೇಲೆ ಹೋಗುವುದೋ ಬಿಡುವುದೋ ನಿಮ್ಮ ವಿವೇಕಕ್ಕೆ ಬಿಟ್ಟದ್ದು.