ಹಳೇ ಗಾಡಿ, ಭಾಗ 4: ಮನಿ ಅಂಗಳದಾಗ ಬಿಚ್ಚೋ ಮಾರುತಿ 800

ನಿಮ್ಮ ಓಣ್ಯಾಗ ಹಳೇ ಮಾರುತಿ 800 ಇದ್ರ, ಅದರ ಮಾಲಕರನ್ನ ಕೇಳಿ ಬಾನೆಟ್ ಒಮ್ಮೆ ತೆಗೆಸಿ ನೋಡ್ರಿ. ಇಂಜಿನ್ ಸುತ್ತ ಎಷ್ಟು ಖಾಲಿ ಜಾಗ ಅದ! ಪ್ಲಗ್ ಕಾಣ್ತಾವ, ಕಾರ್ಬುರೇಟರ್ ಕಾಣ್ತದ, ಪಾನಾ ಹಿಡಿದ ಕೈ ಆರಾಮಾಗಿ ಒಳಗ ಹೋಗ್ತದ. ಈಗಿನ ಕಾರಿನ್ಯಾಗ ಮ್ಯಾಲೊಂದು ಪ್ಲಾಸ್ಟಿಕ್ ಮುಚ್ಚಳ, ಅಷ್ಟೇ. ಇವತ್ತಿನ ಮಾತು ಈ ಖಾಲಿ ಜಾಗದ್ದು.

ಹಿಂದಿನ ಭಾಗಗಳಲ್ಲಿ ಅಂಬಾಸಿಡರ್, ಫಿಯಟ್ ಎರಡನ್ನೂ ನೋಡಿದ್ವಿ. ಲೈಸೆನ್ಸ್ ಕಾಲ ಅದು. ಎಷ್ಟು ಕಾರು ತಯಾರಾಗಬೇಕು ಅನ್ನೋದನ್ನ ಸರ್ಕಾರ ಹೇಳ್ತಿತ್ತು, ಬುಕ್ ಮಾಡಿದವರು ವರ್ಷಗಟ್ಟಲೆ ಕಾಯ್ತಿದ್ರು. ಹೊಸದು ಸಿಗಂಗಿಲ್ಲ ಅಂದಮ್ಯಾಲ ಇದ್ದದ್ದನ್ನೇ ರಿಪೇರಿ ಮಾಡಿ ಓಡಿಸಬೇಕಲ್ರಿ. ಕಾರು ಇಟ್ಟವರಿಗೆ ಅರ್ಧ ಮೆಕ್ಯಾನಿಕ್ ಕೆಲಸ ಬರ್ತಿತ್ತು. ಶೋಕಿಗಲ್ಲ, ಬ್ಯಾರೆ ದಾರಿ ಇರಲಿಲ್ಲ.

1981ರಲ್ಲಿ ಮಾರುತಿ ಉದ್ಯೋಗ ಸರ್ಕಾರಿ ಕಂಪನಿಯಾಗಿ ಶುರುವಾಯ್ತು, ಮರುವರ್ಷ ಜಪಾನಿನ ಸುಜುಕಿ ಜೊತೆ ಒಪ್ಪಂದ ಆಯ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನ ದಿಲ್ಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಬೆಲೆ 50 ಸಾವಿರದ ಆಸುಪಾಸು. 796 ಸಿಸಿ, ಮೂರೇ ಸಿಲಿಂಡರ್. 1986ರಲ್ಲಿ ಬಾಡಿ ಬದಲಾಯ್ತು, ಇಂಜಿನ್ ಅಳತಿ ಅದೇ ಉಳೀತು. 2014ರ ಜನವರಿಯಲ್ಲಿ ತಯಾರಿ ನಿಲ್ಲೋ ತನಕ 25 ಲಕ್ಷಕ್ಕೂ ಹೆಚ್ಚು ಗಾಡಿ ಹೊರಗ ಬಂದಿದ್ವು. ಕಾಯೋ ಕಾಲ ಮುಗಿಸಿದ ಕಾರು ಇದು. ಆದ್ರ ಕಾಯೋ ಕಾಲದ ರಿಪೇರಿ ರೂಢಿ ಮಾತ್ರ ಹೋಗಲಿಲ್ಲ, ಇದರ ಬಾನೆಟ್ ಒಳಗೂ ಬಂದು ಕೂತ್ಕೊಂತು.

ಫೋಟೋದಾಗ ಇರೋದು ನಮ್ಮ ಕಾಕಾರ 1996ರ ಗಾಡಿ, ಕೆಎ 32. ಕಮಲಾಪುರದಾಗ ಅದ. ಕೆಂಪು ಬಾಳಿಹಣ್ಣಿನ ಊರು ಅಂತ ನಿಮಗ ಗೊತ್ತೇ ಅದ, ಕಲಬುರಗಿಯಿಂದ ಹುಮನಾಬಾದ್ ರೋಡಿಗೆ ಬರ್ತದ. ಕಾಕಾ ಮನ್ಯಾಗೇ ಮಾಡೋ ಕೆಲಸ ಇಂಥಾವು. ಪ್ಲಗ್ ಬಿಚ್ಚಿ ಬಣ್ಣ ನೋಡ್ತಾರ: ತಿಳಿ ಕಂದು ಇದ್ರ ಸರಿ, ಒಣ ಕಪ್ಪು ಮಸಿ ಇದ್ರ ಪೆಟ್ರೋಲ್ ಹೆಚ್ಚು ಹೋಗ್ಲಿಕ್ಕತ್ತದ, ಎಣ್ಣಿ ಹತ್ತಿದ್ರ ಇಂಜಿನ್ ಒಳಗ ಸವೆತ ಶುರುವಾಗ್ಯದ. ಕಾರ್ಬುರೇಟರ್ ಜೆಟ್‌ಗೆ ಗಾಳಿ ಹೊಡೀತಾರ, ಪಿನ್ ಚುಚ್ಚಂಗಿಲ್ಲ. ಚುಚ್ಚಿದ್ರ ತೂತು ದೊಡ್ಡದಾಗಿ ಮೈಲೇಜ್ ಹೋಯ್ತು ಅಂತಲೇ ಲೆಕ್ಕ.

ಆದ್ರ ನಮ್ಮ ಭಾಗದಾಗ ಗಾಡಿ ಕೊಲ್ಲೋದು ಬಿಸಿಲು ಮತ್ತ ನೀರು. ಮೇ ತಿಂಗಳಾಗ 40 ಡಿಗ್ರಿ ದಾಟ್ತದ. ಅದರ ಮ್ಯಾಲ ರೇಡಿಯೇಟರ್‌ಗೆ ಬೋರ್ ನೀರು ಹಾಕಿದ್ರ, ಮನ್ಯಾಗ ನೀರು ಕಾಸೋ ಹಂಡೇದಾಗ ಬಿಳಿ ಪದರ ಕಟ್ಟಿದಂಗ ಒಳಗೂ ಕಟ್ತದ. ನೀರು ಸರಿ ಹರಿಯಲ್ಲ, ಇಂಜಿನ್ ಕಾಯ್ತದ, ಅಲ್ಯೂಮಿನಿಯಂ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗ್ತದ. ಕೂಲಂಟ್ ಹಾಕ್ರಿ. ಇಲ್ಲಂದ್ರ ತುರ್ತಿಗೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಆದ್ರೂ ಹಾಕ್ರಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಬ್ಯಾಡ್ರಿ. ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗ ಹೋಗಬ್ಯಾಡ್ರಿ. ಬ್ರೇಕ್ ಕೆಲಸ ಮೇಸ್ತ್ರಿಗೇ ಬಿಡ್ರಿ.

2000ದ ಸುಮಾರು ಹೊಗೆ ನಿಯಮ ಬಿಗಿ ಆದ್ವು, ಕಾರ್ಬುರೇಟರ್ ಹೋಗಿ ಎಂಪಿಎಫ್ಐ ಬಂತು. ಹೊಗೆ ಕಮ್ಮಿ ಆಯ್ತು, ಅದು ಒಳ್ಳೇದೇ. ಆದ್ರ ಪೆಟ್ರೋಲ್ ಎಷ್ಟು ಹೋಗಬೇಕು ಅನ್ನೋದು ಸ್ಕ್ರೂಡ್ರೈವರ್‌ನಿಂದ ಕಂಪ್ಯೂಟರ್ ಕೈಗೆ ಹೋಯ್ತು.

ಈಗ ನನ್ನ ಬಿಕಾಂ ಬುದ್ಧಿಗೆ ಬರ್ರಿ. ಖಾಸಗಿ ಕಾರಿನ ಆರ್‌ಸಿ 15 ವರ್ಷ, ಆಮ್ಯಾಲ 5-5 ವರ್ಷಕ್ಕೊಮ್ಮೆ ರಿನ್ಯೂವಲ್. ಕಾಕಾರ ಗಾಡಿಗೆ 2011, 2016, 2021 ಆಗಿ ಈಗ 2026ರ ಸರದಿ. 600 ರೂಪಾಯಿ ಇದ್ದ ಫೀ 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರ ಆಗಸ್ಟ್‌ನಾಗ ಬಂದ ನಿಯಮದ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000.

ಲೆಕ್ಕಕ್ಕೆ ಕಾರಿನ ಮೂಲ ಬೆಲೆ 2 ಲಕ್ಷ ಅಂತ ಹಿಡೀರಿ. ವರ್ಷಕ್ಕೆ 15% ಸವಕಳಿ, ಉಳಿದ ಮೌಲ್ಯದ ಮ್ಯಾಲ. 30 ವರ್ಷದ ಮ್ಯಾಲ ಪುಸ್ತಕದಾಗ ಉಳಿಯೋದು ಸುಮಾರು 1,526 ರೂಪಾಯಿ. ಫೀ ಅದರ ಆರು ಪಟ್ಟಿಗೂ ಹೆಚ್ಚು! ಕಾಕಾರ ಮಗ ಇದನ್ನ ನೋಡಿ, ಗುಜರಿಗೆ ಹಾಕೋಣು ಅಂದ. ಕಾಕಾ ಬ್ಯಾರೆ ಲೆಕ್ಕ ಇಟ್ಟರು. 10,000 ಅಂದ್ರ 5 ವರ್ಷಕ್ಕ, ತಿಂಗಳಿಗೆ 167 ರೂಪಾಯಿ. ಅಷ್ಟಕ್ಕ ಯಾವ ಕಾರಿನ ಕಂತು ಬರ್ತದ?

ನಾನು ಕಾಕಾರ ಕಡಿ. ಆದ್ರ ಒಂದು ಷರತ್ತಿನ ಮ್ಯಾಲ. ಇಂಜಿನ್ ಮತ್ತ ಕೂಡಿಸಬಹುದು, ತುಕ್ಕು ತಿಂದ ತಗಡು ಹಂಗ ಅಲ್ಲ. ಫಿಟ್‌ನೆಸ್‌ಗೆ ಹೋಗೋ ಮೊದಲು ಕಾಲಡಿ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಫ್ಲೋರ್ ಒತ್ತಿ ನೋಡ್ರಿ. ಒಳಗ ಹೋದ್ರ, ಫೀ ಕಟ್ಟೋ ಮೊದಲು ವೆಲ್ಡಿಂಗ್ ಅಂಗಡಿಗೆ ಕೇಳ್ರಿ ಎಷ್ಟಾಗ್ತದಂತ. ಕಾಕಾರ ಗಾಡ್ಯಾಗ ಡ್ರೈವರ್ ಬಾಜೂ ಗಟ್ಟಿ ಅದ, ಎಡಗಡಿ ಹಿಂದ ಅಂಗೈಯಷ್ಟು ಜಾಗ ಮೆತ್ತಗ ಆಗ್ಯದ. ಕೊನೇ ಫೋಟೋ ಅದೇ.