ಪಾಳೆಗಾರ ಎಂಬ ಬೈಗುಳ

ನಮ್ಮ ಸಂಪಾದಕೀಯಗಳಲ್ಲಿ ಪಾಳೆಗಾರ ಇನ್ನೂ ಸತ್ತಿಲ್ಲ. ಶಾಸಕನೊಬ್ಬ ಅಧಿಕಾರಿಯ ಕಪಾಳಕ್ಕೆ ಬಾರಿಸಿದರೆ ಅದು ಪಾಳೆಗಾರಿಕೆ. ಮಗನಿಗೂ ಅಳಿಯನಿಗೂ ಟಿಕೆಟ್ ಕೊಡಿಸಿದರೆ ಪಾಳೆಗಾರಿ ಸಂಸ್ಕೃತಿ. ಸೊಸೆಯನ್ನು ಕೆಲಸಕ್ಕೆ ಕಳಿಸದ ಮಾವನದು ಪಾಳೇಗಾರಿ ಮನೋಭಾವ. ‘ಊಳಿಗಮಾನ್ಯ’ ಎಂಬ ಪಠ್ಯಪುಸ್ತಕದ ಪದ ನಾಲಿಗೆಯಲ್ಲಿ ಹೊರಳದವರಿಗೆಲ್ಲ ಪಾಳೆಗಾರನೇ ಗತಿ.

ಅದೇ ಪತ್ರಿಕೆಯ ಪುಟ ತಿರುವಿ. ಜಯಂತಿಯ ಜಾಹೀರಾತಿನಲ್ಲಿ ಕೆಂಪೇಗೌಡರು ‘ನಾಡಪ್ರಭು’, ಚಿತ್ರದುರ್ಗದ ಮದಕರಿ ನಾಯಕ ‘ರಾಜವೀರ’. ಇತಿಹಾಸದ ಲೆಕ್ಕದಲ್ಲಿ ಇಬ್ಬರೂ ಪಾಳೆಗಾರರೇ. ನಮಗೆ ಬೇಕಾದ ಪಾಳೆಗಾರನನ್ನು ಮಾತ್ರ ನಾವು ಆ ಹೆಸರಿನಿಂದ ಕರೆಯುವುದಿಲ್ಲ.

ಪಾಳೆಯ ಎಂದರೆ ದಂಡು ಇಳಿದುಕೊಂಡ ಜಾಗ. ಅದನ್ನು ಹಿಡಿದವನು ಪಾಳೆಯಗಾರ. ವಿಜಯನಗರದ ಕಾಲದಲ್ಲಿ ಇವನ ಮೇಲೆ ಹೊರೆಯೂ ಇತ್ತು. ಕರೆ ಬಂದಾಗ ಗೊತ್ತುಪಡಿಸಿದಷ್ಟು ಕಾಲಾಳು, ಕುದುರೆ ಕರೆದುಕೊಂಡು ಹೋಗಬೇಕು, ವರ್ಷವರ್ಷ ಕಾಣಿಕೆ ಒಪ್ಪಿಸಬೇಕು, ತನ್ನ ಸೀಮೆಯ ದಾರಿ ಕಾಯಬೇಕು. 1565ರಲ್ಲಿ ರಕ್ಕಸತಂಗಡಿಯಲ್ಲಿ ವಿಜಯನಗರ ಸೋತ ಮೇಲೆ ಕೇಳುವ ಗಟ್ಟಿ ಧಣಿಯೇ ಇಲ್ಲದಂತಾಗಿ, ಒಬ್ಬೊಬ್ಬರೂ ತಮ್ಮ ತಮ್ಮ ಗುಡ್ಡಕ್ಕೆ ಕೋಟೆ ಸುತ್ತಿಸಿ ಕೂತರು. ಮೈಸೂರಿನ ಒಡೆಯರೂ ಮೊದಲಿಗೆ ಇದೇ ಸಾಲಿನವರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿಯದೆ ಹೋಗಿದ್ದರೆ ಅವರನ್ನೂ ಇವತ್ತು ಮೈಸೂರಿನ ಪಾಳೆಗಾರರು ಎನ್ನುತ್ತಿದ್ದೆವೋ ಏನೋ.

ಹಾಗೆಂದು ಇವರೆಲ್ಲ ಪುಣ್ಯಪುರುಷರೇನಲ್ಲ. ಕಾವಲಿನ ಕಥೆಯನ್ನೇ ನೋಡಿ. ದಕ್ಷಿಣದ ಹಲವು ಸೀಮೆಗಳಲ್ಲಿ ಊರವರು ಪಾಳೆಗಾರನಿಗೆ ಕಾವಲು ಹಣ ಕೊಡಬೇಕಿತ್ತು. ಕಳವಾದರೆ ಅವನು ಮಾಲು ಹುಡುಕಿಸಬೇಕು, ಸಿಗದಿದ್ದರೆ ನಷ್ಟ ತುಂಬಿಕೊಡಬೇಕು. ಹಣ ತಪ್ಪಿಸಿದ ಊರಿನ ಕೊಟ್ಟಿಗೆಗಳು ಬೆಳಗಾಗುವಷ್ಟರಲ್ಲಿ ಖಾಲಿ. ದನ ಹೊಡೆದುಕೊಂಡು ಹೋದವರು ಯಾರ ಕಡೆಯವರು ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಪದಕ್ಕೆ ಮಸಿ ಗಟ್ಟಿಯಾಗಿ ಹತ್ತಿದ್ದು ಕಂಪನಿ ಸರ್ಕಾರದ ಕಾಲದಲ್ಲಿ ಎಂದು ನನ್ನ ಗುಮಾನಿ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಸೀಮೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋಗೆ ಎದುರಾದದ್ದು ಸುಮಾರು 80 ಪಾಳೆಗಾರರು. ರೈತನಿಂದ ನೇರವಾಗಿ ಕಂದಾಯ ಎತ್ತಬೇಕೆಂದು ಹೊರಟವನಿಗೆ ನಡುವೆ ಕೂತ ಇವರು ಬೇಡವಾಗಿದ್ದರು. ಕೆಲವರ ಪಾಳೆಯಪಟ್ಟು ಕಿತ್ತುಕೊಂಡ, ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿದ. ದಫ್ತರದ ಕಾಗದಗಳಲ್ಲಿ ‘ಪಾಲಿಗಾರ್’ ಎಂದರೆ ಪುಂಡ ಎಂದಾಯಿತು. (ದಕ್ಷಿಣದ ಒಂದು ಬೇಟೆನಾಯಿಗೂ ಇಂಗ್ಲಿಷರು ಪಾಲಿಗಾರ್ ಎಂದೇ ಹೆಸರಿಟ್ಟರು.) ಆ ಕಾಗದ ಓದಿ ಇತಿಹಾಸ ಬರೆದವರಿಂದ ನಾವು ಅದೇ ಅರ್ಥವನ್ನು ಕಲಿತೆವು.

ಪದಗಳ ಗ್ರಹಚಾರಕ್ಕೆ ಕಾರಣ ಹುಡುಕುವುದು ಕಷ್ಟ. ‘ಬೀಡು’ ಎಂದರೂ ದಂಡು ಇಳಿದ ಜಾಗವೇ. ಅದಕ್ಕೆ ಮಾತ್ರ ಮರ್ಯಾದೆ ಹೆಚ್ಚುತ್ತಲೇ ಹೋಯಿತು: ಕಲೆಗಳ ಬೀಡು, ಶರಣರ ಬೀಡು; ತುಳುನಾಡಿನಲ್ಲಂತೂ ಅರಸು ಮನೆತನದ ಮನೆಯೇ ಬೀಡು. ಪಾಳೆಯಕ್ಕೆ ಸಿಕ್ಕಿದ್ದು ಚುನಾವಣೆಯ ವರದಿ. ‘ಕಾಂಗ್ರೆಸ್ ಪಾಳಯದಲ್ಲಿ ತಳಮಳ, ಬಿಜೆಪಿ ಪಾಳಯದಲ್ಲಿ ಹುರುಪು’ ಎಂಬಷ್ಟಕ್ಕೆ ಅದರ ಕೆಲಸ ಮುಗಿಯಿತು. ಗೊರಗುಂಟೆಪಾಳ್ಯದ ಮೆಟ್ರೋ ನಿಲ್ದಾಣದಲ್ಲಿ ಇಳಿಯುವವರಿಗೆ ಅದು ಯಾವ ದಂಡನ್ನೂ ನೆನಪಿಸುವುದಿಲ್ಲ.

ಪಾಳೆಗಾರನ ಜೊತೆಗೆ ಪತ್ರಿಕೆಗಳಲ್ಲಿ ತಪ್ಪದೆ ಬರುವ ಇನ್ನೊಬ್ಬ ಚೇಲಾ. 1779ರಲ್ಲಿ ಹೈದರಾಲಿ ದುರ್ಗ ಗೆದ್ದು ಮದಕರಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಜೊತೆಗೆ ದುರ್ಗದ ಬೇಡರನ್ನು ಸಾವಿರಗಟ್ಟಲೆ ಸಾಗಿಸಿ, ಅವರ ಗಂಡುಮಕ್ಕಳಿಗೆ ಕವಾಯತು ಕಲಿಸಿ ತನ್ನದೇ ಒಂದು ಪಡೆ ಕಟ್ಟಿದ. ಅದರ ಹೆಸರು ಚೇಲಾ ಪಡೆ. ಅಂದರೆ ಪಾಳೆಗಾರನಿಂದ ಕಿತ್ತುಕೊಂಡ ಮಕ್ಕಳು ಚೇಲಾಗಳಾದರು. ‘ಪಾಳೆಗಾರ ಮತ್ತವನ ಚೇಲಾಗಳು’ ಎಂದು ಸಲೀಸಾಗಿ ಬರೆಯುವಾಗ ನಮಗೆ ಇದು ಗೊತ್ತಿರುವುದಿಲ್ಲ.

ಪದವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಬೈಗುಳಗಳಿಗೆ ಕನ್ನಡದಲ್ಲಿ ಬರವಿಲ್ಲದಿದ್ದರೂ. ಆದರೆ ಇವತ್ತಿನ ಪುಢಾರಿಗೆ ಅದು ತಕ್ಕ ಬೈಗುಳವಲ್ಲ, ಅವನ ಯೋಗ್ಯತೆಗೆ ಮೀರಿದ ಬಿರುದು. ಬೆಂಗಳೂರಿಗೆ ಧರ್ಮಾಂಬುಧಿ ಕೆರೆ ಕಟ್ಟಿಸಿದ ಕೀರ್ತಿ ಒಬ್ಬ ಪಾಳೆಗಾರನದು. ಅದರ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿದ್ದು ನಾವೇ ಆರಿಸಿದ ಸರ್ಕಾರ. ಆ ನಿಲ್ದಾಣಕ್ಕೆ ಈಗ ಕೆಂಪೇಗೌಡರದೇ ಹೆಸರು.