ಊರನ್ನು ಕೇಳಿ ಬರೆಯುವ ಹೋಂವರ್ಕ್

ಖಟಕ ಚಿಂಚೋಳಿ ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರ. ಈ ಭಾಗದ ಹೊಲಗಳಲ್ಲಿ ತೊಗರಿ, ಸೋಯಾ, ಕಬ್ಬು ಬೆಳೆಯುತ್ತವೆ. ಬೀದರ್ ಜಿಲ್ಲೆಯ ಓಣಿಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ಅಲ್ಲಲ್ಲಿ ತೆಲುಗು ಕೇಳಿಸುತ್ತದೆ. ತಾಂಡಾಗಳಲ್ಲಿ ಲಂಬಾಣಿ ಇದೆ. ಸರ್ಕಾರಿ ಶಾಲೆಗಳೂ ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಲ್ಲಿ ನಡೆಯುತ್ತವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 70.51 ಇತ್ತು. ಅಂದರೆ ಏಳು ವರ್ಷ ದಾಟಿದವರಲ್ಲಿ ಹತ್ತಕ್ಕೆ ಮೂವರಿಗೆ ಆಗ ಓದು ಬರಹ ಬರುತ್ತಿರಲಿಲ್ಲ.

ಇಂಥ ಕಡೆ ಆರು, ಏಳು, ಎಂಟನೇ ತರಗತಿಯ ಮಕ್ಕಳು ಸಂಜೆ ಮನೆಗೆ ಒಯ್ಯುವ ಬರವಣಿಗೆಗೆ ಬೇರೆಯದೇ ಇತಿಹಾಸವಿದೆ. ಮಗು ಪುಸ್ತಕ ಬಿಚ್ಚಿದರೆ ಪಕ್ಕದಲ್ಲಿ ಕೂತು ಹೇಳಿಕೊಡಲು ಓದಿದ ಹಿರಿಯರೊಬ್ಬರು ಇರುತ್ತಾರೆ, ಮನೆಮಾತೂ ಪುಸ್ತಕದ ಮಾತೂ ಒಂದೇ ಆಗಿರುತ್ತದೆ ಎಂಬ ಎಣಿಕೆಯ ಮೇಲೆಯೇ ಹೋಂವರ್ಕ್ ನಿಂತಿತ್ತು. ಬೀದರ್ ಸೀಮೆಯಲ್ಲಿ ಆ ಎಣಿಕೆ ಎಂದೂ ಪೂರ್ತಿ ನಿಜವಾಗಿರಲಿಲ್ಲ.

1948ರ ಸೆಪ್ಟೆಂಬರ್‌ವರೆಗೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಸರ್ಕಾರಿ ಶಾಲೆಯ ಪಾಠವೂ ಬಹುಮಟ್ಟಿಗೆ ಉರ್ದುವಿನಲ್ಲೇ. ಕನ್ನಡ ಮನೆಯ ಹುಡುಗ ಶಾಲೆಯಲ್ಲಿ ಕಲಿತದ್ದನ್ನು ತಾಯಿಯ ಮುಂದೆ ಹೇಳಿದರೆ ಆಕೆಗೆ ತಿಳಿಯುತ್ತಿರಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಜಿಲ್ಲೆಯಲ್ಲಿ ಇಂದಿಗೂ ಹೇಳುತ್ತಾರೆ. ಭಾಲ್ಕಿ, ಕಮಲನಗರದ ಸುತ್ತ ಅವರು ಕಟ್ಟಿದ ಶಾಲೆಗಳನ್ನು ಕನ್ನಡದ ಹೋರಾಟವೆಂದು ನೆನೆಯುವುದು ರೂಢಿ. ಶಿಕ್ಷಣದ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೂ ಒಂದು ಕೆಲಸ ಆಗಿತ್ತು: ಶಾಲೆಯ ಪಾಠ ಮತ್ತೆ ಮನೆಯವರ ಕಿವಿಗೆ ಅರ್ಥವಾಗುವಂತಾಯಿತು.

1956ರಲ್ಲಿ ಬೀದರ್ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಂದ ಹಲವು ದಶಕ ಹಿರಿಯ ಪ್ರಾಥಮಿಕ ಶಾಲೆಯನ್ನು ನಡೆಸಿದ್ದು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ. ಮಾಸ್ತರರು ಬೋರ್ಡ್ ಮೇಲೆ ಪ್ರಶ್ನೋತ್ತರ ಬರೆಯುವರು, ಮಕ್ಕಳು ಇಳಿಸಿಕೊಳ್ಳುವರು, ಮನೆಯಲ್ಲಿ ಅದನ್ನೇ ಮತ್ತೆ ಬರೆದು ಬಾಯಿಪಾಠ ಮಾಡುವರು. ಮಗ್ಗಿ, ಕಾಪಿ ಬರಹ, ಪದಗಳ ಅರ್ಥ, ಬಿಟ್ಟ ಸ್ಥಳ ತುಂಬುವುದು ಇಷ್ಟೇ ಸಂಜೆಯ ಕೆಲಸ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ಯಾರಿಗೂ ಓದಲು ಬಾರದಿದ್ದರೂ ಮಗು ತಾನಾಗಿಯೇ ಕೂತು ಮಾಡಬಹುದಾದ ಹೋಂವರ್ಕ್ ಅದೊಂದೇ ಆಗಿತ್ತು. ಮಗ್ಗಿ ಬಂದ ಮಕ್ಕಳ ಲೆಕ್ಕ ಗಟ್ಟಿಯೂ ಆಗುತ್ತಿತ್ತು. ಆದರೆ ಬರೆದದ್ದು ಅರ್ಥವಾಗಿದೆಯೇ ಎಂದು ನೋಡುವ ದಾರಿ ಅದರಲ್ಲಿರಲಿಲ್ಲ.

ಇದೇ ವಯಸ್ಸಿನ ಮಕ್ಕಳಿಗೆ ಬೇರೆ ದಾರಿ ಸಾಧ್ಯವೆಂದು ತೋರಿಸಿದ್ದು ಮಧ್ಯಪ್ರದೇಶದ ಹೋಶಂಗಾಬಾದ್. 1972ರಲ್ಲಿ ಅಲ್ಲಿನ 16 ಹಳ್ಳಿ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ವಿಜ್ಞಾನವನ್ನು ಪ್ರಯೋಗ ಮತ್ತು ಹೊಲದ ಸುತ್ತಾಟದ ಮೂಲಕ ಕಲಿಸುವ ಕಾರ್ಯಕ್ರಮ ಶುರುವಾಯಿತು. ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಆರಂಭಿಸಿದ್ದನ್ನು ಮುಂದೆ ಏಕಲವ್ಯ ಸಂಸ್ಥೆ ಬೆಳೆಸಿತು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು, ಪ್ರಯೋಗದ ಪರೀಕ್ಷೆಯೂ ಇತ್ತು. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಪರೀಕ್ಷೆಯನ್ನೂ ಬದಲಿಸಿದ ಪ್ರಯೋಗವೆಂಬ ಕಾರಣಕ್ಕೆ ಇದು ಮುಖ್ಯ. ಮುಂದೆ ಕರ್ನಾಟಕದಲ್ಲಿ ಬಂದ ಹಲವು ಸುಧಾರಣೆಗಳು ಚಟುವಟಿಕೆಯನ್ನು ಸೇರಿಸಿದವು, ಪ್ರಶ್ನೆಪತ್ರಿಕೆಯನ್ನು ಮಾತ್ರ ಹಾಗೆಯೇ ಬಿಟ್ಟವು.

ಕರ್ನಾಟಕದಲ್ಲಿ ಈ ಗಾಳಿ ಬೀಸಿದ್ದು ಬಹುಪಾಲು ಶಾಲೆಯ ಗೋಡೆಯ ಹೊರಗೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕ ಹಳ್ಳಿ ಶಾಲೆಗಳಿಗೂ ತಲುಪಿತು. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯತೊಡಗಿತು. ಅದರಲ್ಲಿ 10ರಿಂದ 17 ವಯಸ್ಸಿನವರು ತಂಡ ಕಟ್ಟಿಕೊಂಡು ತಮ್ಮೂರಿನ ಒಂದು ಸಮಸ್ಯೆಯನ್ನೇ ಹಿಡಿದು, ಮನೆಮನೆಗೆ ಹೋಗಿ ಮಾಹಿತಿ ಕೂಡಿಸಿ, ವರದಿ ಬರೆಯಬೇಕು. ಗೈಡಿನಲ್ಲಿ ಉತ್ತರ ಸಿಗದ ಹೋಂವರ್ಕ್ ಇದು. ಆದರೆ ಒಂದು ಶಾಲೆಯಿಂದ ಹೋಗುತ್ತಿದ್ದುದು ಒಂದೆರಡು ತಂಡ ಮಾತ್ರ.

ಅದೇ 1993ರಲ್ಲಿ ಪ್ರೊ. ಯಶಪಾಲ್ ಸಮಿತಿ ಮಕ್ಕಳ ಕಲಿಕೆಯ ಹೊರೆಯ ಬಗ್ಗೆ ವರದಿ ಕೊಟ್ಟಿತು. ಎರಡು ವರ್ಷದ ಬಳಿಕ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಆರಂಭವಾಯಿತು. ಆಂಧ್ರಪ್ರದೇಶದ ಋಷಿ ಕಣಿವೆಯ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಿಕ್ಷಕರೇ ಅದನ್ನು ಕಟ್ಟಿದರು. ಕಾರ್ಡು, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಏಣಿ, ಮೈಲಿಗಲ್ಲು, ಗುಂಪು ಕಲಿಕೆ ಎಲ್ಲವೂ ಬಂದವು. ಮಗು ತನ್ನ ವೇಗದಲ್ಲಿ ಏಣಿ ಹತ್ತಬಹುದಾಯಿತು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಮೂರನೇ ತರಗತಿಗೆ ನಿಂತಿತು.

ಈ ನಿಲುಗಡೆ ಪದೇಪದೇ ಕಾಣುತ್ತದೆ. ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಬೀದರ್ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲೇ ಮೊದಲು ಶುರುವಾಯಿತು. ಅದೂ ಆಗ ಐದನೇ ತರಗತಿಯವರೆಗೆ. ಅದೇ ವರ್ಷ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ರಾಜ್ಯ ಸರ್ಕಾರ ಕೂಡಿ ಇದೇ ಭಾಗದಲ್ಲಿ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮ ಪ್ರತಿ ಮಗುವಿನ ಕಲಿಕೆಯನ್ನು ಬಾಯಲ್ಲೂ ಬರಹದಲ್ಲೂ ಪರೀಕ್ಷಿಸಿತು. ಅದರ ಕಣ್ಣೂ ಕಿರಿಯ ತರಗತಿಗಳ ಮೇಲೆಯೇ ಇತ್ತು. ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆ ಇಷ್ಟು ಯೋಚಿಸಿ ಕಟ್ಟಿದ ವ್ಯವಸ್ಥೆ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ದಪ್ಪನಾದ ಪಠ್ಯಪುಸ್ತಕ, ಹೆಚ್ಚಿನ ವಿಷಯಗಳು, ಹೆಚ್ಚಿನ ಬರವಣಿಗೆ. ಹೊಲದ ಕೆಲಸಕ್ಕೂ ತಮ್ಮ-ತಂಗಿಯರ ಆರೈಕೆಗೂ ಮನೆಯವರು ಕರೆಯುವುದು ಇದೇ ವಯಸ್ಸಿನವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು. ಈ ವಯಸ್ಸಿನವರನ್ನು ಹೀಗೆ ಕೈಬಿಟ್ಟದ್ದು ಅನ್ಯಾಯವೇ ಸರಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೋಂವರ್ಕಿಗೂ ಒಂದು ಅಳತೆ ಹೇಳಿತು. ಎರಡನೇ ತರಗತಿಯವರೆಗೆ ಬೇಡ. ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಲ್ಲಿನ ಅಧ್ಯಯನಗಳನ್ನೆಲ್ಲ ಕೂಡಿಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇದಕ್ಕೆ ಹತ್ತಿರ. ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ಏಳನೇ ತರಗತಿಯಿಂದ ಮೇಲೆ ಗಟ್ಟಿ, ಅದಕ್ಕಿಂತ ಕೆಳಗೆ ಸಡಿಲ ಎಂದು ಅದು ಹೇಳಿತು. ಹಿರಿಯ ಪ್ರಾಥಮಿಕದ ಮಕ್ಕಳು ಸರಿಯಾಗಿ ಈ ಗಡಿಯ ಮೇಲಿದ್ದಾರೆ. ಅವರಿಗೆ ಹೋಂವರ್ಕ್ ಬೇಕು; ಎಂಥದ್ದು ಎಂಬುದರಲ್ಲೇ ಎಲ್ಲವೂ ಇದೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಶಾಲೆಗಳಿಗೆ ಬಂತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಯೋಜನೆ, ಚಟುವಟಿಕೆಗಳಿಗೂ ಅಂಕ ಸಿಕ್ಕಿತು. ಉದ್ದೇಶ ಒಳ್ಳೆಯದೇ. ಆದರೆ ಒಂದೇ ತಿಂಗಳಲ್ಲಿ ಎಲ್ಲ ವಿಷಯಗಳ ಪ್ರಾಜೆಕ್ಟ್ ಬಿದ್ದಾಗ ಮಗು ಅಂಗಡಿಯಿಂದ ಚಿತ್ರಪಟ ತಂದು ಅಂಟಿಸಿತು, ಇಲ್ಲವೇ ನೆಟ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿತು. ಕೂಲಿ ಮಾಡುವ ಮನೆಗೆ ಅದೊಂದು ಖರ್ಚು. ಕೆಲಸ ಮಾಡಿದ್ದು ಮಗು ಅಲ್ಲ ಎಂದು ಶಿಕ್ಷಕರಿಗೂ ಗೊತ್ತಿರುತ್ತಿತ್ತು. ಆದರೂ ದಾಖಲೆ ತುಂಬಲೇಬೇಕಿತ್ತು. 2019ರಲ್ಲಿ ರಾಜ್ಯ ಸರ್ಕಾರ ಚೀಲದ ತೂಕಕ್ಕೆ ಮಿತಿ ಹಾಕಿತು: ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು ಕಿಲೋ. ತಿಂಗಳಿಗೊಂದು ಶನಿವಾರ ಬ್ಯಾಗಿಲ್ಲದ ದಿನವೂ ಆಯಿತು. ಚೀಲ ಹಗುರಾದರೆ ಬೆನ್ನಿಗೆ ಒಳ್ಳೆಯದು; ಕಲಿಕೆ ಬದಲಾಗಲು ಅಷ್ಟು ಸಾಲದು.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಮನೆ ಮತ್ತು ತರಗತಿಯ ನಡುವಿನ ಗೆರೆಯೇ ಅಳಿಸಿಹೋಯಿತು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಹೋಗಿ ಚಿಕ್ಕ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ತೆರೆಯಲಾಯಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಗುವಿಗೆ ಹತ್ತಿರವಾದದ್ದು ಕಟ್ಟೆಯ ಮೇಲಿನ ಪಾಠವೇ. ಸಾವಿರಾರು ಶಿಕ್ಷಕರು ಆ ತಿಂಗಳುಗಳಲ್ಲಿ ತಮ್ಮ ಮಕ್ಕಳ ಮನೆಯನ್ನು ಮೊದಲ ಸಲ ಒಳಗಿನಿಂದ ಕಂಡರು.

ಶಾಲೆ ಮುಚ್ಚಿದ್ದಾಗ ಕಳೆದುಹೋದ ಕಲಿಕೆಯನ್ನು ತುಂಬಲು ಬಂದ 2022-23ರ ಕಲಿಕಾ ಚೇತರಿಕೆ ಕಾರ್ಯಕ್ರಮ ಒಂದರಿಂದ ಒಂಬತ್ತನೇ ತರಗತಿಯವರೆಗೆ ಕಲಿಕಾ ಹಾಳೆಗಳನ್ನು ತಂದಿತು. ಹಿರಿಯ ಪ್ರಾಥಮಿಕದ ಕೈಗೆ ಚಟುವಟಿಕೆಯ ಪುಸ್ತಕ ಇಷ್ಟು ವ್ಯವಸ್ಥಿತವಾಗಿ ಬಂದದ್ದು ಅಪರೂಪ. ಅದರ ಜೊತೆಗೆ ಕ್ಲಸ್ಟರ್ ಮಟ್ಟದಲ್ಲಿ ಕಲಿಕಾ ಹಬ್ಬ ನಡೆಯಿತು. ಹಾಡು-ಆಡು, ಮಾಡು-ಆಡು, ಕಾಗದ-ಕತ್ತರಿ, ಊರು ತಿಳಿಯೋಣ ಎಂಬ ನಾಲ್ಕು ಚಟುವಟಿಕೆಯ ಮೂಲೆಗಳು ಅದರಲ್ಲಿದ್ದವು.

ಈ ನಾಲ್ಕರಲ್ಲಿ ಬೀದರ್ ಸೀಮೆಗೆ ಬಹಳ ಕೊಡಬಲ್ಲದ್ದು ‘ಊರು ತಿಳಿಯೋಣ’. ಏಳನೇ ತರಗತಿಯ ಕ್ಷೇತ್ರಫಲದ ಪಾಠವನ್ನೇ ತೆಗೆದುಕೊಳ್ಳಬಹುದು. ನಮ್ಮ ಕಡೆ ಹೊಲ ಅಳೆಯುವುದು ಎಕರೆ, ಗುಂಟೆಯಲ್ಲಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರ ಅಡಿ. ನಲವತ್ತು ಗುಂಟೆ ಕೂಡಿದರೆ ಎಕರೆ, 43,560 ಚದರ ಅಡಿ. ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಒಂದು ಗುಂಟೆ ಗುರುತು ಮಾಡಿ, ಸಂಜೆ ಮನೆಯಲ್ಲಿ ಅಪ್ಪನನ್ನೋ ಕಾಕಾನನ್ನೋ ಕೇಳಿ ತಮ್ಮ ಹೊಲದ ಲೆಕ್ಕ ಬರೆದುಕೊಂಡು ಬಂದರೆ, ಅಕ್ಷರ ಬಾರದ ತಂದೆಯೂ ಆ ದಿನ ಮಗುವಿನ ಪಾಠದೊಳಗೆ ಬಂದಂತಾಗುತ್ತದೆ. ಹೊಲವಿಲ್ಲದ ಮನೆಯ ಮಗು ತಾಯಿಯ ಕೂಲಿಯ ಲೆಕ್ಕ ಬರೆಯಬಹುದು, ಅಥವಾ ಮನೆಯ ನೆಲವನ್ನೇ ಅಳೆಯಬಹುದು. ಅದನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಶಿಕ್ಷಕರ ಹೊಣೆ.

ಆರನೇ ತರಗತಿಯ ವಿಜ್ಞಾನದಲ್ಲಿ ಬೇರುಗಳ ಪಾಠವಿದೆ. ತೊಗರಿಯ ಸಸಿಯನ್ನೂ ಜೋಳದ ಸಸಿಯನ್ನೂ ಮಣ್ಣುಸಮೇತ ಕಿತ್ತು ತಂದರೆ ತಾಯಿಬೇರು, ತಂತುಬೇರು ಎರಡೂ ಕಣ್ಣೆದುರಿಗೆ. ತೊಗರಿಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ತೊಗರಿ ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಏಕೆ ಚೆನ್ನಾಗಿ ಬರುತ್ತದೆ ಎಂದು ಅಜ್ಜನನ್ನು ಕೇಳಿ ಬರೆದದ್ದಕ್ಕೂ ಪುಸ್ತಕದ ಮಾತಿಗೂ ಮರುದಿನ ತರಗತಿಯಲ್ಲಿ ತಾಳೆ ನೋಡಬಹುದು. ಎಂಟನೇ ತರಗತಿ ಲೋಹಗಳಿಗೆ ಬಂದಾಗ ಬೀದರಿನದೇ ಬಿದ್ರಿ ಕಲೆ ಇದೆ. ಅದರಲ್ಲಿ ಬಳಸುವುದು ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹ. ನವಸಾಗರದ ಜೊತೆ ಬೀದರ್ ಕೋಟೆಯ ಹಳೆಯ ಮಣ್ಣು ಬೆರೆಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಅಂತರ್ಜಲದ ಪಾಠಕ್ಕೆ ಬೀದರ್ ಬಳಿಯ ನೌಬಾದ್‌ನ ಸುರಂಗ ಬಾವಿ, ಸಮಾಜ ವಿಜ್ಞಾನಕ್ಕೆ 1472ರ ಮಹಮೂದ್ ಗವಾನ್ ಮದರಸಾ ಇವೆ.

ಭಾಷೆಯ ವಿಷಯದಲ್ಲಿ ಈ ಜಿಲ್ಲೆಯ ಮಗು ಬೆಂಗಳೂರಿನ ಮಗುವಿಗಿಂತ ಶ್ರೀಮಂತ. ಒಂದೇ ಗಾದೆಯನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ ಹೇಗೆ ಹೇಳುತ್ತಾರೆಂದು ಓಣಿಯಲ್ಲಿ ಕೇಳಿ ಬರೆದು ತರುವ ಕೆಲಸ ಕೊಟ್ಟರೆ, ತರಗತಿಯಲ್ಲಿ ಹಿಂದೆ ಕೂತ ಲಂಬಾಣಿ ಹುಡುಗಿಗೂ ಹೇಳಲು ಏನೋ ಇರುತ್ತದೆ.

ಇಂಥ ಹೋಂವರ್ಕ್ ಗಟ್ಟಿಯಾಗುವುದು ಅದನ್ನು ನೋಡುವ ರೀತಿಯಲ್ಲಿ. ನಲವತ್ತು ನೋಟ್‌ಬುಕ್ಕಿಗೆ ಸಹಿ ಹಾಕುವುದರಲ್ಲೇ ಒಂದು ಪಿರಿಯಡ್ ಮುಗಿದರೆ ಮಗು ತಂದದ್ದನ್ನು ಯಾರೂ ಓದಿದಂತಾಗುವುದಿಲ್ಲ. ಹತ್ತು ನಿಮಿಷ ಮಕ್ಕಳೇ ಜೋಡಿಯಾಗಿ ಒಬ್ಬರದನ್ನೊಬ್ಬರು ಓದಿ, ಎಲ್ಲಿ ಲೆಕ್ಕ ತಪ್ಪಿದೆ, ಎಲ್ಲಿ ಇಬ್ಬರ ಉತ್ತರ ಬೇರೆಯಾಗಿದೆ ಎಂದು ಗುರುತು ಮಾಡಿದರೆ ಶಿಕ್ಷಕರು ಆ ಬೇರೆಯಾದ ಜಾಗದಿಂದಲೇ ಪಾಠ ಎತ್ತಿಕೊಳ್ಳಬಹುದು. ಒಬ್ಬರೇ ಎರಡು ತರಗತಿ ನೋಡಿಕೊಳ್ಳುವ ಕಡೆ ಇದು ಇನ್ನೂ ಅಗತ್ಯ.

ಕಲಿಕಾ ಹಬ್ಬ ಮುಗಿದ ಬೆನ್ನಿಗೇ, 2023ರ ಮಾರ್ಚ್‌ನಲ್ಲಿ, ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂತು. ಮರುವರ್ಷ ಅದು ಬೋರ್ಡ್ ಪರೀಕ್ಷೆಯ ಹೆಸರಿನಲ್ಲಿ ನಡೆದು, ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈ ಎಳೆದಾಟದ ನಡುವೆ ಶಾಲೆಗಳಲ್ಲಿ ಮತ್ತೆ ಪ್ರಶ್ನೋತ್ತರ ಬರೆಸುವ ಒತ್ತಡ ಹೆಚ್ಚಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯಲಿ ಎಂದಿದೆ. ಆ ನೀತಿಯನ್ನು ಕೈಬಿಟ್ಟ ಕರ್ನಾಟಕ 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗ ನೇಮಿಸಿತು. ನೀತಿ ಯಾವುದೇ ಆಗಲಿ, ಆ ಹತ್ತು ದಿನಗಳನ್ನು ಉಳಿಸಿಕೊಂಡರೆ ಭಾಲ್ಕಿ, ಔರಾದ್ ತಾಲ್ಲೂಕುಗಳ ಎಂಟನೇ ತರಗತಿಯ ಮಕ್ಕಳು ಬೀದರ್ ನಗರದ ಬಿದ್ರಿ ಕುಶಲಕರ್ಮಿಗಳ ಬಳಿ ಕೂತು ಲೋಹದ ಪಾಠ ಮುಗಿಸಬಹುದು. ಅದಕ್ಕೆ ಬೇಕಾದದ್ದು ಬಸ್ಸಿನ ಖರ್ಚು ಮತ್ತು ಮುಖ್ಯೋಪಾಧ್ಯಾಯರ ಕೈಗೊಂದು ಆದೇಶ.